ಪದಚರ್ಚೆ: 'ರಿಸ್ಕ್' ಅಂದರೆ 'ಅಪಾಯ'ವೇ? ಜೊತೆಗೆ 'ನರ'ದ ಗೊಂದಲ

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ನಮ್ಮ ಶಾಲೆಯ ಆರನೇ ಕ್ಲಾಸಿನ ಹುಡುಗನೊಬ್ಬನಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಇಂಥ ಮಕ್ಕಳ ತಂದೆತಾಯಿಗೆಂದು ಪರಿಚಯದ ಡಾಕ್ಟರೊಬ್ಬರು ಇಂಗ್ಲಿಷಿನಲ್ಲಿ ಒಂದು ಪುಟ ಬರೆದಿದ್ದರು. ಕನ್ನಡ ಟೀಚರ್ ಅಲ್ವಾ ಅಂತ ಅದನ್ನು ಕನ್ನಡಕ್ಕೆ ತರಲು ನನ್ನ ಕೈಗಿಟ್ಟರು. 'ರಿಸ್ಕ್'ಗೆ 'ಅಪಾಯ' ಅಂತ ಹಾಕಿ ನಾನು ಕೊಟ್ಟ ತಲೆಬರಹ 'ಹೃದಯ ಮತ್ತು ರಕ್ತನಾಳಗಳ ಆರಂಭಿಕ ಅಪಾಯ'. ಮರುದಿನವೇ ಹುಡುಗನ ತಾಯಿ ಶಾಲೆಗೆ ಬಂದರು. "ಟೀಚರ್ರೀ, ಹುಡುಗನ ಹಾರ್ಟ್ ಖರಾಬ್ ಆಗ್ಯಾದೇನ್ರಿ? ಜಯದೇವಕ್ಕ ಒಯ್ಬೇಕೇನ್ರಿ?"

ತಪ್ಪು ನನ್ನದೇ. 'ಅಪಾಯ' ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ತಲೆಬುರುಡೆ ಚಿತ್ರದ ಜೊತೆ ಇರುವ ಪದ. ಮುಟ್ಟಿದರೆ ಸತ್ತೆ ಅಂತ ಅದರ ಅರ್ಥ. ಮ್ಯೂಚುಯಲ್ ಫಂಡ್ ಜಾಹೀರಾತಿನಲ್ಲೂ 'ಮಾರುಕಟ್ಟೆ ಅಪಾಯ' ಬರುತ್ತದೆ, ಆದರೆ ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಇನ್ನು 'ಆರಂಭಿಕ' ಅನ್ನುವುದು ಸುಮ್ನೆ ಕ್ರಿಕೆಟ್ಟಿನ ಪದ. ಆರಂಭದಲ್ಲಿ ಅಪಾಯ, ಆಮೇಲೆ ಪಾರು ಅನ್ನುವ ಅರ್ಥವೂ ಹೊರಡುತ್ತದೆ. ನಿಜ ಅದರ ಉಲ್ಟಾ.

ಡಾಕ್ಟರು ಹೇಳಿದ್ದು ಇಷ್ಟು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ರಕ್ತನಾಳದ ಒಳಪದರ ಕೆಡುತ್ತದೆ. ಅಲ್ಲಿ ಕೊಬ್ಬು ಕೂರುತ್ತದೆ, ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಟೈಪ್ 1 ಇರುವವರಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಶುರುವಾಗಬಹುದು. ಕುತ್ತಿಗೆಯ ರಕ್ತನಾಳದ ದಪ್ಪವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದರೆ ಕೆಲವು ಮಕ್ಕಳಲ್ಲೇ ವ್ಯತ್ಯಾಸ ಕಾಣುತ್ತದೆ. ಮಗುವಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ, ಆಡಿಕೊಂಡೇ ಇರುತ್ತದೆ. ಅದಕ್ಕೇ ಬಿಪಿ, ಕೊಲೆಸ್ಟರಾಲ್, ಮೂರು ತಿಂಗಳ ಶುಗರ್ ಟೆಸ್ಟು. (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟಿಗೆ 'ಮೂರು ತಿಂಗಳ ಶುಗರ್' ಅಂತ ಜನರೇ ಹೆಸರಿಟ್ಟುಕೊಂಡಿದ್ದಾರೆ. ನಮ್ಮಂಥವರು ಕೂತು ಮಾಡಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.)

ಈಗ ನನಗೆ 'ಸಂಭವ' ಸರಿ ಅನ್ನಿಸುತ್ತಿದೆ. ರೇಡಿಯೋದಲ್ಲಿ 'ಮಳೆ ಬರುವ ಸಂಭವ' ಅಂದರೆ ಯಾರೂ ಹೆದರುವುದಿಲ್ಲ, ಕೊಡೆ ತಗೊಂಡು ಹೋಗುತ್ತಾರೆ. ಇನ್ನೊಂದು ಕಾರಣವೂ ಇದೆ. ಡಾಕ್ಟರ ಹಾಳೆಯಲ್ಲಿ ಡಿಸಿಸಿಟಿ ಅನ್ನುವ ಅಧ್ಯಯನದ ಮಾತು ಇತ್ತು. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳಲ್ಲಿ ಟೈಪ್ 1 ಇರುವ 1,441 ಜನರ ಮೇಲೆ ನಡೆದದ್ದು. ಹದಿಮೂರು ವರ್ಷದವರೂ ಅದರಲ್ಲಿದ್ದರು. ಆಮೇಲೂ ಅವರ ಬೆನ್ನು ಬಿಡದೆ ನೋಡಿ 2005ರಲ್ಲಿ ಫಲಿತಾಂಶ ಹೇಳಿದರು. ಮೊದಲ ವರ್ಷಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟ ಗುಂಪಿನಲ್ಲಿ ಹೃದಯ, ರಕ್ತನಾಳದ ತೊಂದರೆಯ ರಿಸ್ಕ್ 42% ಕಡಿಮೆ. ಟ್ರಾನ್ಸ್‌ಫಾರ್ಮರಿನ ಅಪಾಯ 42% ಕಡಿಮೆಯಾಗುತ್ತದೆಯೇ? 'ಸಂಭವ'ವಾದರೆ ಕಡಿಮೆಯಾಗುತ್ತದೆ. ಆದರೆ 'ಸಂಭವ'ಕ್ಕೆ ಕೆಟ್ಟದ್ದು ಅನ್ನುವ ಬಣ್ಣವೇ ಇಲ್ಲ. ಮದುವೆಯ ಸಂಭವವೂ ಸಂಭವವೇ. ಅಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಎರಡನೆಯದು 'ನರ'. ನಮ್ಮ ಕಡೆ ಸಲೈನ್ ಹಚ್ಚುವಾಗ 'ನರ ಸಿಗವಲ್ದು' ಅನ್ನುತ್ತಾರೆ. ಅದು ರಕ್ತನಾಳ. 'ನರದೌರ್ಬಲ್ಯ' ಅಂದಾಗ ಅದೇ ಪದದ ಅರ್ಥ ಬೇರೆ, ಇಂಗ್ಲಿಷಿನ 'ನರ್ವ್'. ಬೇರೆ ಕಾಯಿಲೆಯಾಗಿದ್ದರೆ ನಡೆಯುತ್ತಿತ್ತೇನೋ. ಸಕ್ಕರೆ ಕಾಯಿಲೆ ಎರಡನ್ನೂ ಕೆಡಿಸುತ್ತದೆ, ಹಾಗಾಗಿ ಹಾಳೆಯಲ್ಲಿ 'ನರ' ಬರೆಯುವ ಹಾಗಿಲ್ಲ. ಪಠ್ಯದ 'ಅಪಧಮನಿ' ಬಳಸೋಣ ಅಂದರೆ ಅದರ 'ಅಪ' ಕಾಡುತ್ತದೆ. ಹೃದಯದಿಂದ ಆಚೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಲೆಕ್ಕ ಚೊಕ್ಕಟವಾಗಿದೆ. ಆದರೆ ಅಪಘಾತ, ಅಪಶಕುನ ಕೇಳಿದ ಕಿವಿಗೆ ಅದು ಕೆಟ್ಟ ಧಮನಿ ಅಂತಲೇ ಕೇಳುತ್ತದೆ. ನನ್ನ ಮಕ್ಕಳು ಪರೀಕ್ಷೆಯಲ್ಲಿ ಹಾಗೇ ಬರೆದಿದ್ದಾರೆ, 'ಕೆಟ್ಟ ರಕ್ತ ಒಯ್ಯುವುದು' ಅಂತ!

ವಿವರಿಸಿ ಹೇಳಿದ ಮೇಲೆ ಆ ತಾಯಿ ಅಂದದ್ದು: "ಅಂದ್ರ ಈಗೇನಿಲ್ಲ, ಮುಂದ ಆಗಬಾರದಂತ ನಿಗಾ ಇಡದು, ಹೌದಿಲ್ರೀ?" ಎಷ್ಟು ಸರಿಯಾಗಿ ಹಿಡಿದರು ನೋಡಿ. 'ಈಗಿನಿಂದಲೇ ಹೃದಯದ ನಿಗಾ' ಅಂತ ತಲೆಬರಹ ಬದಲಿಸಿ ಡಾಕ್ಟರಿಗೆ ತೋರಿಸಿದೆ. ಅವರು ನಕ್ಕು, "ತೀವ್ರ ನಿಗಾ ಘಟಕ ನೆನಪಾಗ್ತದಲ್ರೀ" ಅಂದರು.

ಬೀದರ್, ಯಾದಗಿರಿ ಕಡೆಯವರೇ, ರಕ್ತ ಹರಿಯುವ ನರಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ? 'ಸಂಭವ'ಕ್ಕೆ ಸ್ವಲ್ಪ ಎಚ್ಚರಿಕೆ ಬೆರೆತ ಪದ ಯಾರಿಗಾದರೂ ಹೊಳೆದರೆ ಬರೆಯಿರಿ. ಹಾಳೆ ಇನ್ನೂ ಪ್ರಿಂಟಿಗೆ ಹೋಗಿಲ್ಲ.