ಸಹಾಯ ಬೇಕು: ಚೆಸ್ನಟ್ ಕಥೆಗಳ ಆಡುಮಾತನ್ನು ಧ್ವನಿಪುಸ್ತಕದಲ್ಲಿ ಹೇಗೆ ಓದಬೇಕು?

ಸದಸ್ಯರೆಲ್ಲರಿಗೂ ನಮಸ್ಕಾರ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರೇ ಓದಿ ಉಚಿತವಾಗಿ ಹಂಚುವ ಲಿಬ್ರಿವಾಕ್ಸ್‌ಗಾಗಿ, ಹೆಚ್ಚಿನವರ ಗಮನಕ್ಕೆ ಬಾರದ ಆಫ್ರಿಕನ್-ಅಮೆರಿಕನ್ ಲೇಖಕರ ಕೃತಿಗಳನ್ನು ಧ್ವನಿಮುದ್ರಿಸಲು ತೊಡಗಿದ್ದೇನೆ. ಈಗ ಓದುತ್ತಿರುವುದು ಚಾರ್ಲ್ಸ್ ಚೆಸ್ನಟ್ ಅವರ 1899ರ ಕಥಾಸಂಕಲನ ‘ದಿ ಕಾಂಜರ್ ವುಮನ್’.

ಹೊರಕಥೆಯ ನಿರೂಪಕ ಜಾನ್, ದ್ರಾಕ್ಷಿ ಬೆಳೆಯಲೆಂದು ಅಮೆರಿಕದ ಉತ್ತರ ಭಾಗದಿಂದ ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯಕ್ಕೆ ಬಂದ ಬಿಳಿಯ. ಅವನ ಭಾಗವನ್ನು ಓದಲು ಯಾವ ತೊಡಕೂ ಇಲ್ಲ. ಆದರೆ ಒಳಗಿನ ಕಥೆಗಳನ್ನು ಹೇಳುವವನು ಹಿಂದೆ ಗುಲಾಮನಾಗಿದ್ದ ಮುದುಕ ಜೂಲಿಯಸ್. ಅವನ ಆಡುಮಾತನ್ನು ಚೆಸ್ನಟ್ ಉಚ್ಚಾರಣೆಗೆ ತಕ್ಕಂತೆ ಕಾಗುಣಿತವನ್ನೇ ಬದಲಿಸಿ ಬರೆದಿದ್ದಾರೆ.

ಅಚ್ಚಾದಂತೆಯೇ ಉಚ್ಚರಿಸಿ ಮುದ್ರಿಸಿ ಕೇಳಿದಾಗ, ಹಿಂದೆ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಆಡುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳ ಅಣಕದಂತೆ ಕೇಳಿಸಿತು. ಕುಂದಾಪುರದ ಮಾತನ್ನು ಬೇರೆ ಊರಿನವರು ನಗಿಸಲೆಂದು ಆಡಿದಾಗ ಆಗುವಂಥದೇ ಮುಜುಗರ. ಶಿಷ್ಟ ಇಂಗ್ಲಿಷಿಗೆ ತಿರುಗಿಸಿ ಓದೋಣವೆಂದರೆ ಪಠ್ಯವನ್ನು ಬದಲಿಸಲು ನಿಯಮ ಒಪ್ಪುವುದಿಲ್ಲ. ಒಪ್ಪಿದ್ದರೂ ಜೂಲಿಯಸ್‌ನ ಜಾಣತನವೆಲ್ಲ ಆ ಮಾತಿನಲ್ಲೇ ಇರುವುದರಿಂದ ಕಥೆ ಸಪ್ಪೆಯಾಗುತ್ತದೆ. ಪದಗಳನ್ನು ಹಾಗೆಯೇ ಉಳಿಸಿಕೊಂಡು, ದನಿಯನ್ನು ನಟಿಸದೆ, ನನ್ನ ಕನ್ನಡದ ಛಾಯೆಯ ಇಂಗ್ಲಿಷಿನಲ್ಲೇ ನಿಧಾನವಾಗಿ ಓದಿದಾಗ ಅಣಕವೇನೋ ಹೋಯಿತು, ಆದರೆ ಕೇಳಿದ ಗೆಳೆಯರಿಗೆ ಅರ್ಧ ವಾಕ್ಯಗಳು ತಿಳಿಯಲಿಲ್ಲ.

ಧ್ವನಿಪುಸ್ತಕ ಓದಿ ಅನುಭವವಿರುವವರು ದಯವಿಟ್ಟು ತಿಳಿಸಿ: ಈ ಮೂರನೆಯ ಕ್ರಮವನ್ನೇ ಇಟ್ಟುಕೊಂಡು ಕೇಳುಗರಿಗೆ ಅರ್ಥವಾಗುವಂತೆ ಓದುವುದು ಹೇಗೆ, ಅಥವಾ ಜೂಲಿಯಸ್‌ನ ಭಾಗವನ್ನು ಆ ಮಾತು ಬಲ್ಲ ಇನ್ನೊಬ್ಬ ಓದುಗರಿಗೆ ಬಿಟ್ಟುಕೊಡುವುದೇ ಸರಿಯೇ?