ಸಹಾಯ ಬೇಕು: ಆರ್ಡರ್ ಸಾಗಿಸಲು ಟೀಮ್ ಚಾಟ್ ಸಾಕಾ, ಮೆಸೇಜ್ ಕ್ಯೂ ಬೇಕಾ?

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ಬಿಡಿಭಾಗ ಮಾರುವ ಚಿಕ್ಕ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಇಲ್ಲಿ ಆರ್ಡರ್ ಬಂದರೆ ಟೀಮ್ ಚಾಟ್‌ನ ಒಂದು ಚಾನೆಲ್‌ಗೆ ಮೆಸೇಜ್ ಬೀಳುತ್ತದೆ, ಅದನ್ನು ಒಂದು ಸ್ಕ್ರಿಪ್ಟ್ ಓದಿ ಗೋಡೌನ್‌ಗೆ ಚೀಟಿ ಪ್ರಿಂಟ್ ಮಾಡುತ್ತದೆ. ಸ್ಕ್ರಿಪ್ಟ್ ಮಧ್ಯೆ ನಿಂತರೆ ಯಾವುದು ಆಯಿತು, ಯಾವುದು ಉಳಿಯಿತು ಅಂತ ಕೂತು ಒಂದೊಂದೇ ತಾಳೆ ನೋಡಬೇಕು. ಅದಕ್ಕೇ ಮೆಸೇಜ್ ಕ್ಯೂ, ಅಂದರೆ ಪ್ರೋಗ್ರಾಂಗಳ ನಡುವೆ ಮೆಸೇಜ್‌ಗಳನ್ನು ಸಾಲಾಗಿ ಇಟ್ಟು ತಲುಪಿಸುವ ಸಾಫ್ಟ್‌ವೇರ್, ಹಾಕೋಣ ಅಂತ ನನ್ನ ಯೋಚನೆ.

"ಮೆಸೇಜ್ ಹೋಗುತ್ತಲ್ಲ, ಇನ್ನೊಂದು ಯಾಕೆ?" ಅನ್ನುತ್ತಾರೆ ನಮ್ಮ ಸಾಹೇಬರು. ಆದರೆ ಸ್ಲ್ಯಾಕ್, ಟೀಮ್ಸ್‌ನಂಥ ಚಾಟ್ ಆ್ಯಪ್ ಇರುವುದು ಮನುಷ್ಯರು ಓದಲು, ಅಲ್ವಾ? ಸ್ಲ್ಯಾಕ್ ವೆಬ್‌ಹುಕ್‌ಗೆ (ಪ್ರೋಗ್ರಾಂನಿಂದ ಚಾನೆಲ್‌ಗೆ ಮೆಸೇಜ್ ಹಾಕುವ ವಿಳಾಸ) ಸೆಕೆಂಡಿಗೆ ಸುಮಾರು 1 ಮೆಸೇಜ್ ಮಿತಿ. ಉಚಿತ ಪ್ಲಾನ್‌ನಲ್ಲಿ 90 ದಿನ ದಾಟಿದ ಮೆಸೇಜ್ ಕಾಣಿಸುವುದೂ ಇಲ್ಲ. ರ್‍ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಕ್ಯೂನಲ್ಲಿ ಹಾಗಲ್ಲ, ಕೆಲಸ ಮುಗಿದ ಮೇಲೆ ಪ್ರೋಗ್ರಾಂ ಆಯಿತು ಅಂತ ತಿಳಿಸುವ ಹಾಗೆ ಇಟ್ಟುಕೊಂಡರೆ, ಅದಕ್ಕೂ ಮೊದಲೇ ಕನೆಕ್ಷನ್ ಕಡಿದಾಗ ಅದೇ ಮೆಸೇಜ್ ಮತ್ತೆ ಕ್ಯೂಗೆ ಬರುತ್ತದೆ. ನಮಗೆ ಬೇಕಾಗಿರುವುದು ಇದೇ.

ಹೀಗೆ ಮತ್ತೆ ಬಂದಾಗ ಒಂದೇ ಚೀಟಿ ಎರಡು ಸಲ ಪ್ರಿಂಟ್ ಆಗದಂತೆ ನೀವೆಲ್ಲ ಏನು ಮಾಡುತ್ತೀರಿ? ಆರ್ಡರ್ ನಂಬರ್ ಬರೆದಿಟ್ಟು ನೋಡಿದರೆ ಸಾಕಾ? ಭಾರೀ ಪ್ರಮಾಣದ ಮೆಸೇಜ್‌ಗಳಿಗೆ ಬಳಸುವ ಕಾಫ್ಕಾ ನಮ್ಮ ಅಳತೆಗೆ ಜಾಸ್ತಿ ಅನ್ನಿಸುತ್ತದೆ. ರೆಡಿಸ್ (ಮೆಮೊರಿಯಲ್ಲಿ ಡೇಟಾ ಇಡುವ ಡೇಟಾಬೇಸ್) ಈಗಾಗಲೇ ಇದೆ, ಮೆಸೇಜ್ ಸಾಲಾಗಿ ಇಡುವ ಅದರ ಸ್ಟ್ರೀಮ್ಸ್ ಸೌಲಭ್ಯದಲ್ಲೇ ನಡೆಯುತ್ತದಾ? ಪಿಂಪ್ರಿ-ಚಿಂಚವಾಡ ಕಡೆ ಯಾರಾದರೂ ಇದನ್ನು ನಡೆಸುತ್ತಿದ್ದರೆ ದಯವಿಟ್ಟು ಹೇಳಿ, ಭಾನುವಾರ ನಾನೇ ಬಂದು ನೋಡುತ್ತೇನೆ.