ಹೈಡ್ರೋಜನ್ ಎಸ್‌ಟಿಪಿ ಲೆಕ್ಕ: 22.4ರ ಬದಲು 25.9 ಬರುತ್ತಿದೆ, ಎಲ್ಲಿ ತಪ್ಪು?

ಪ್ರಶ್ನೆ:
ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ಯಾರಾದರೂ ನೋಡಿ ಹೇಳಿ. 0.036 ಗ್ರಾಂ ಮೆಗ್ನೀಷಿಯಂ ರಿಬ್ಬನ್ನನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, ಬಂದ ಹೈಡ್ರೋಜನ್ನನ್ನು ನೀರು ತುಂಬಿದ ಅಳತೆ ಕೊಳವೆಯಲ್ಲಿ ಹಿಡಿದೆ. 42.2 ಎಂಎಲ್ ಬಂತು. ನೀರು 27 ಡಿಗ್ರಿ ಇತ್ತು. ಎಸ್‌ಟಿಪಿಗೆ, ಅಂದರೆ 0 ಡಿಗ್ರಿ, 760 ಮಿಮೀ ಪಾದರಸ ಒತ್ತಡದ ಪ್ರಮಾಣಿತ ಸ್ಥಿತಿಗೆ ತರಲು 273/300ರಿಂದ (ಕೆಲ್ವಿನ್ ಲೆಕ್ಕ) ಗುಣಿಸಿದರೆ 38.4 ಎಂಎಲ್. ಮೆಗ್ನೀಷಿಯಂ 0.00148 ಮೋಲ್, ಹೈಡ್ರೋಜನ್ನೂ ಅಷ್ಟೇ ಮೋಲ್, ಅಂದರೆ ಮೋಲಿಗೆ 25.9 ಲೀಟರ್. 22.4 ಬರಬೇಕಲ್ವಾ? ಮೂರು ಸಲ ಮಾಡಿದೆ, ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ರಿಬ್ಬನ್ ಮೇಲಿನ ಕಪ್ಪನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆದಿದ್ದೆ.

ಉತ್ತರ 1:
ಕಪ್ಪು ಉಳಿದಿದ್ದರೆ ಗ್ಯಾಸ್ ಕಡಿಮೆ ಬರುತ್ತಿತ್ತು, ನಿಮಗೆ ಜಾಸ್ತಿ ಬಂದಿದೆ, ಹಾಗಾಗಿ ತಪ್ಪು ಅಲ್ಲಿಲ್ಲ. ಕೊಳವೆಯಲ್ಲಿ ಹೈಡ್ರೋಜನ್ ಜೊತೆ ಸೇರಿರುವ ನೀರಿನ ಆವಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. 27 ಡಿಗ್ರಿಗೆ ಅದರ ಒತ್ತಡ ಸುಮಾರು 27 ಮಿಮೀ ಪಾದರಸ. ಅದನ್ನು ಗಾಳಿಯ ಒತ್ತಡದಿಂದ ಕಳೆಯಿರಿ.

ಪ್ರಶ್ನೆ ಕೇಳಿದವರು:
ಕಳೆದೆ. 760ರಲ್ಲಿ 27 ಹೋಗಿ 733 ಇಟ್ಟೆ. 25.0ಕ್ಕೆ ಇಳಿಯಿತು, ಇನ್ನೂ ದೂರ ಇದೆ.

ಉತ್ತರ 2:
ಆ 760 ಎಲ್ಲಿಂದ ಬಂತು? ಯಾವ ಊರಲ್ಲಿ ಮಾಡಿದ್ದು?

ಪ್ರಶ್ನೆ ಕೇಳಿದವರು:
ಬೆಂಗಳೂರು. ಹವಾಮಾನದ ಆ್ಯಪ್ 1013 ಹೆಕ್ಟೊಪ್ಯಾಸ್ಕಲ್ ತೋರಿಸಿತು, ಅದು 760 ಮಿಮೀ ತಾನೇ?

ಉತ್ತರ 2:
ಸಿಕ್ಕಿತು ನೋಡಿ. ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, ಬೇರೆ ಬೇರೆ ಊರುಗಳ ಹವಾಮಾನವನ್ನು ಹೋಲಿಸಲು ಹಾಗೆ ಮಾಡುತ್ತಾರೆ, ನಿಮ್ಮ ಮೇಜಿನ ಮೇಲಿರುವ ಗಾಳಿಯ ಒತ್ತಡ ಅದಲ್ಲ. ಮಂಗಳೂರಲ್ಲಿ ಮಾಡಿದ್ದರೆ ನಿಮ್ಮ 760 ನಡೆಯುತ್ತಿತ್ತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೂ 97 ಡಿಗ್ರಿಯ ಹತ್ತಿರವೇ. ಗಾಳಿ ಒತ್ತುವುದು ಕಡಿಮೆ ಇದ್ದಾಗ ಗ್ಯಾಸ್ ಉಬ್ಬಿ ಜಾಸ್ತಿ ಜಾಗ ಹಿಡಿಯುತ್ತದೆ, ಆ ಉಬ್ಬಿದ ಅಳತೆಯನ್ನೇ ನೀವು 760ರದ್ದು ಅಂತ ಹಿಡಿದಿದ್ದೀರಿ. ಫೋನಿನಲ್ಲಿ ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಅದರ ನೇರ ರೀಡಿಂಗ್ ತೆಗೆದುಕೊಳ್ಳಿ. ಇನ್ನೊಂದು, ಓದುವ ಮುಂಚೆ ಕೊಳವೆಯನ್ನು ಮೇಲೆ ಕೆಳಗೆ ಸರಿಸಿ ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟಕ್ಕೆ ತಂದಿರಲ್ವಾ? ಇಲ್ಲದಿದ್ದರೆ 13.6 ಮಿಮೀ ನೀರಿಗೆ 1 ಮಿಮೀ ಪಾದರಸ ಅಂತ ಲೆಕ್ಕ ಹಾಕಬೇಕು.

ಪ್ರಶ್ನೆ ಕೇಳಿದವರು:
ಮಟ್ಟ ಸರಿ ಮಾಡಿದ್ದೆ. ಸೆನ್ಸರ್ 912 ತೋರಿಸಿತು, ಅಂದರೆ 684 ಮಿಮೀ. 27 ಕಳೆದರೆ 657. 42.2 × 657/760 × 273/300 = 33.2 ಎಂಎಲ್. ಮೋಲಿಗೆ 22.4 ಲೀಟರ್! ತುಂಬಾ ಥ್ಯಾಂಕ್ಸ್, ಸುಮ್ನೆ ಆಮ್ಲದ ಮೇಲೆ ಅನುಮಾನಪಟ್ಟೆ. ಆದರೆ ಪಿಯುಸಿ ಪುಸ್ತಕದಲ್ಲಿ 22.7 ಅಂತ ಇದೆಯಲ್ಲ?

ಉತ್ತರ 1:
ಅದೂ ಸರಿ. 1982ರಿಂದ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ) ಎಸ್‌ಟಿಪಿಯ ಒತ್ತಡವನ್ನು 1 ಬಾರ್ ಮಾಡಿದೆ, ಅಂದರೆ ಸುಮಾರು 750 ಮಿಮೀ. 22.4 ಹಳೆಯ 1 ಅಟ್ಮಾಸ್ಫಿಯರಿನದು. ನಿಮ್ಮ ಲೆಕ್ಕದಲ್ಲಿ 760ರ ಜಾಗಕ್ಕೆ 750 ಹಾಕಿ, 22.7 ಬರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಯಾವ ಒತ್ತಡ ಹಿಡಿದಿರಿ ಅಂತ ಪಕ್ಕದಲ್ಲೇ ಬರೆದಿಡಿ.